ಅಕ್ಕನ ಮೀನುಗಳು ನಮ್ಮ ಮನೆಯಲ್ಲಿದ್ದ ದಿನಗಳು

ಅಕ್ಕ ಬಿದ್ದು ತೊಡೆಯ ಮೂಳೆ ಮುರಿದುಕೊಂಡದ್ದು ತನ್ನ ಮೀನುಗಳ ನೀರು ಬದಲಿಸುವಾಗ. ಟ್ಯಾಂಕಿನ ಹಳೆಯ ನೀರನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ಬಚ್ಚಲಿಗೆ ಒಯ್ಯುತ್ತಿದ್ದಳು. ದಾರಿಯಲ್ಲಿ ಒಂದಿಷ್ಟು ತುಳುಕಿತು. ಆಮೇಲೆ ಒರೆಸಿದರಾಯಿತು ಎಂದುಕೊಂಡು, ಖಾಲಿ ಬಕೆಟ್ಟು ಹಿಡಿದು ಮರಳಿ ಬರುವಾಗ ಅದೇ ನೀರಿನ ಮೇಲೆ ಕಾಲಿಟ್ಟಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುವವರು, ಪ್ರವಾಸಿಗರನ್ನು ಕಾರಿನಲ್ಲಿ ವೇರೂಳಿನ ಗುಹೆಗಳಿಗೆ ಕರೆದುಕೊಂಡು ಹೋಗಿದ್ದರು. ಅದೇ ಅವರ ಕೆಲಸ. ಅಕ್ಕ ತೆವಳಿಕೊಂಡು ಬಾಗಿಲ ತನಕ ಬಂದು ಪಕ್ಕದವರನ್ನು ಕೂಗಿದಳಂತೆ.

ಅವರು ಸಂಭಾಜಿನಗರದಲ್ಲಿ, ನಾವು ನಾಸಿಕದಲ್ಲಿ. ಇಬ್ಬರೂ ಮದುವೆಯಾಗಿ ಜಮಖಂಡಿಯ ಕಡೆಯಿಂದ ಈ ನಾಡಿಗೆ ಬಂದವರು. ನಾನು ಸುದ್ದಿ ಕೇಳಿ, ಮೂರು ವರ್ಷದ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲಿ ಅಕ್ಕನ ಆಪರೇಷನ್ ಮುಗಿದಿತ್ತು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು ಮೀನುಗಳ ವಿಷಯ.

"ಮೀನಿಗೆ ತಿನ್ನಾಕ ಯಾರ್ ಹಾಕ್ಯಾರ?"

ಮಾಮಾ ಗೋಡೆಗೆ ಒರಗಿ ನಿಂತಿದ್ದರು. ಮುಖದ ಮೇಲೆ ಎಷ್ಟೋ ದಿನದ ಗಡ್ಡ. "ಅವನ್ನ ಯಾರಿಗರೆ ಕೊಟ್ಟ ಬಿಡೂನು," ಎಂದರು. "ಇನ್ನ ನೀ ವಾಕರ್ ಹಿಡಕೊಂಡ ನಡ್ಯಾಕಿ. ಕಾಲಾಗ ಬೆಕ್ಕು, ನೆಲದ ಮ್ಯಾಲ ನೀರು. ಮತ್ತ ಬಿದ್ರ ಏನ್ ಮಾಡೂದು?"

ಅಕ್ಕ ನನ್ನ ಕಡೆ ತಿರುಗಿ, "ನಾ ನಡ್ಯಾಕ ಬರೂ ತನಕ ನೀ ಇಟ್ಕೋ. ಬೆಕ್ಕನ್ನೂ ಒಯ್ಯಿ," ಎಂದಳು.

ನಾನು ಬೆಳಗಿನಿಂದ ಔಷಧಿ ಅಂಗಡಿ, ಬಿಲ್ಲಿನ ಸಾಲು, ವಾರ್ಡು ಎಂದು ಓಡಾಡಿ ಸಾಕಾಗಿದ್ದೆ. ಕೂರಲು ಕುರ್ಚಿ ಕೂಡ ಇರಲಿಲ್ಲ. ಆ ಮಾತು ಅಲ್ಲಿಗೆ ಮುಗಿದರೆ ಸಾಕು ಅನ್ನಿಸಿ "ಆತು" ಅಂದುಬಿಟ್ಟೆ. ಅತ್ತೆಯನ್ನು ಕೇಳಲಿಲ್ಲ, ಗಂಡನನ್ನು ಕೇಳಲಿಲ್ಲ.

ಮಾಮಾ ತಮ್ಮ ಕಾರಿನಲ್ಲೇ ಎಲ್ಲವನ್ನೂ ತಂದರು. ಖಾಲಿ ಮಾಡಿದ ಗಾಜಿನ ಟ್ಯಾಂಕನ್ನು ರಜಾಯಿಯಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದ್ದರು. ಮೀನುಗಳು ಅಂಗಡಿಯವರು ಗಾಳಿ ತುಂಬಿ ಕಟ್ಟಿಕೊಟ್ಟ ಪ್ಲಾಸ್ಟಿಕ್ ಚೀಲಗಳಲ್ಲಿದ್ದವು. ಅಗಲ ರೆಕ್ಕೆಯ ಏಂಜಲ್ ಮೀನು ಎರಡು, ಕರಿ ಮೀನುಗಳು ಕೆಲವು, ಗಾಜಿಗೆ ಬಾಯಿ ಹಚ್ಚಿ ಪಾಚಿ ತಿನ್ನುವ ಒಂದು. ಬೆಕ್ಕು ತರಕಾರಿ ಬುಟ್ಟಿಯೊಳಗೆ ಕೂತು ಅರ್ಧ ದಾರಿಯ ಯೇವಲೆಯ ತನಕ ಕೂಗಿತು, ಆಮೇಲೆ ಅದಕ್ಕೂ ಸಾಕಾಯಿತು. ಟ್ಯಾಂಕು ಇಡುವ ಕಬ್ಬಿಣದ ಸ್ಟ್ಯಾಂಡು ಕಾರಿನ ಮೇಲೆ. ಎದೆಯೆತ್ತರದ, ಇಕ್ಕಟ್ಟಾದ ಸ್ಟ್ಯಾಂಡು ಅದು. ಕೆಳಗೆ ಪ್ಲೈವುಡ್ಡಿನ ಸಣ್ಣ ಕಪಾಟು, ಅದಕ್ಕೊಂದು ಬಾಗಿಲು. ಕಪಾಟಿನೊಳಗೆ ಅಕ್ಕ ಕೂಡಿಟ್ಟ ಜಲ್ಲಿಕಲ್ಲಿನ ಚೀಲಗಳು, ಗೋಲಿಗಳು, ಮೀನಿನ ಔಷಧಿ, ತಿನಿಸಿನ ಡಬ್ಬಿಗಳು.

ನಾಸಿಕ್ ರೋಡಿನ ನಮ್ಮ ಮನೆ ಚಿಕ್ಕದು. ಒಂದು ಹಾಲು, ಒಂದು ಕೋಣೆ, ಅಡುಗೆಮನೆ. ಹಾಲಿನ ಒಂದು ಮೂಲೆಯಲ್ಲಿ ನನ್ನ ಹೊಲಿಗೆ ಮಷೀನು. ಸೀರೆಗೆ ಫಾಲು ಹಚ್ಚುವುದು, ಬ್ಲೌಸ್ ಹೊಲಿಯುವುದು ನನ್ನ ಕೆಲಸ. ಇನ್ನೊಂದು ಮೂಲೆಯಲ್ಲಿ ಅತ್ತೆಯ ಮಂಚ. ಅತ್ತೆಗೆ ಮೊಣಕಾಲು ನೋವು. ಉಳಿದ ಮೂಲೆಗೆ ಟ್ಯಾಂಕು ಬಂತು. ಅತ್ತೆ ಅದನ್ನೇ ನೋಡುತ್ತಾ, "ಮನ್ಯಾಗ ಕುಂದ್ರಾಕ ಜಾಗಾ ಇಲ್ಲ, ಮೀನಿಗೆ ಬಂಗ್ಲೆ," ಎಂದರು. ನಾನು ಕೇಳಿಸಿಕೊಳ್ಳದವಳ ಹಾಗೆ ಒಳಗೆ ಹೋದೆ.

ಅಂದಿನಿಂದ ದಿನವೂ ಅಕ್ಕನ ಫೋನು. ಅವಳಿಗೆ ಮಲಗಿದಲ್ಲಿ ಬೇರೆ ಕೆಲಸ ಇರಲಿಲ್ಲ. ಟ್ಯಾಂಕಿನೊಳಗೆ ಕೈ ಹಾಕುವ ಮೊದಲು ಅದರ ಹೀಟರಿನ ಪ್ಲಗ್ ಕಿತ್ತೆಯೇನು, ಬರೀ ಸ್ವಿಚ್ ಆರಿಸಿದರೆ ಸಾಲದು. ವೈರು ನೇರವಾಗಿ ಬೋರ್ಡಿಗೆ ಹೋಗಬಾರದು, ಕೆಳಗೆ ಜೋತುಬಿದ್ದು ಮತ್ತೆ ಮೇಲೆ ಹೋಗಬೇಕು, ಇಲ್ಲದಿದ್ದರೆ ವೈರಿನ ಗುಂಟ ನೀರು ಹರಿದು ಬೋರ್ಡಿನೊಳಗೆ ಇಳಿಯುತ್ತದೆ. ಕರೆಂಟು ಹೋದರೂ ಗಾಳಿಯ ಪಂಪು ನಿಲ್ಲಬಾರದು, ಅದಕ್ಕೆ ಇನ್ವರ್ಟರಿನ ಲೈನು ಕೊಡು. ನಾನು ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು, ಫಾಲು ಹಚ್ಚುತ್ತಾ, ಹೂಂ ಹೂಂ ಅನ್ನುತ್ತಿದ್ದೆ.

ಇನ್ವರ್ಟರಿನ ಲೈನು ಇದ್ದ ಪ್ಲಗ್ಗು ಟ್ಯಾಂಕಿನಿಂದ ದೂರ. ಹಾಗಾಗಿ ನಮ್ಮ ಮನೆಯವರು ಅಲ್ಲಿಂದ ಒಂದು ಎಕ್ಸ್‌ಟೆನ್ಷನ್ ಬೋರ್ಡು ಎಳೆದು ಸ್ಟ್ಯಾಂಡಿನ ಪಕ್ಕದಲ್ಲಿ ನೆಲದ ಮೇಲೆ ಇಟ್ಟರು. ಗೋಡೆಗೆ ಎತ್ತರದಲ್ಲಿ ಮೊಳೆ ಹೊಡೆದು ಕೂರಿಸುವುದು ಎಂದು ಮಾತಾಗಿತ್ತು. ಅವರು ಸಿನ್ನರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಆ ತಿಂಗಳು ಭಾನುವಾರವೂ ಓವರ್‌ಟೈಮ್ ಇತ್ತು. ಮನೆಗೆ ಬಂದವರು ಶೂ ಬಿಚ್ಚುವಾಗಲೇ ಕಣ್ಣು ಮುಚ್ಚುತ್ತಿದ್ದರು. ಮೊಳೆಯ ಮಾತು ನಾನೂ ಎತ್ತಲಿಲ್ಲ.

ಬೆಕ್ಕಿನದು ಬೇರೆ ಕಥೆ. ಅಕ್ಕನ ಮನೆಯಲ್ಲಿ ಅದು ಮೀನುಗಳ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲವಂತೆ. ಹೊಸ ಮನೆಯಲ್ಲಿ ಅದಕ್ಕೆ ಏನು ತಿಳಿಯಿತೋ, ಟ್ಯಾಂಕಿನ ಮುಚ್ಚಳದ ಮೇಲೆ ಹತ್ತಿ ಮಲಗತೊಡಗಿತು. ಲೈಟಿನ ಬಿಸಿಗೆ ಅಲ್ಲಿ ಬೆಚ್ಚಗಿತ್ತು. ಮುಚ್ಚಳದ ಮೂಲೆಯಲ್ಲಿ ತಿನಿಸು ಹಾಕಲು ಒಂದು ಕಿಂಡಿ. ಅದರೊಳಗೆ ಪಂಜ ಇಳಿಬಿಟ್ಟು ನೀರು ಕಲಕುವುದು, ಒದ್ದೆ ಪಂಜವನ್ನು ನೆಕ್ಕುವುದು. ನಾನು ಕಿಂಡಿಗೆ ಜಾಳಿಗೆ ಕಟ್ಟಿದೆ, ಮುಚ್ಚಳಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದೆ. ಕ್ಲಿಪ್ಪುಗಳನ್ನು ಮಗಳು ಸ್ಟೂಲು ಎಳೆದು ಹತ್ತಿ ಕಿತ್ತು ತನ್ನ ಗೊಂಬೆಯ ಕೂದಲಿಗೆ ಹಾಕುತ್ತಿದ್ದಳು.

ಮಗಳಿಗೆ ಮೀನೆಂದರೆ ಪ್ರಾಣ. ಬಾಲವಾಡಿಯಿಂದ ಬಂದು ಚೀಲ ಎಸೆದವಳು ಸೀದಾ ಅದೇ ಸ್ಟೂಲು ಹತ್ತಿ ಗಾಜಿಗೆ ಮೂಗು ಹಚ್ಚುತ್ತಿದ್ದಳು. ಒಂದು ದಿನ ತಿನಿಸಿನ ಡಬ್ಬಿಯನ್ನೇ ಪೂರ್ತಿ ಸುರುವಿದಳು. ನೀರು ಗಂಜಿಯ ಹಾಗಾಯಿತು. ಮತ್ತೊಂದು ದಿನ ಅವಳ ಬಾಯಲ್ಲಿ ಏನೋ ಕಟಕಟ ಅನ್ನುತ್ತಿದ್ದದ್ದು ಕೇಳಿ ಬೆರಳು ಹಾಕಿ ತೆಗೆದರೆ ಟ್ಯಾಂಕಿನ ಅಲಂಕಾರದ ಗಾಜಿನ ಗೋಲಿ. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನಾನು ಬಹಳ ಹೊತ್ತು ಅಲ್ಲೇ ಕೂತಿದ್ದೆ. ಸೂಜಿ, ಗುಂಡುಪಿನ್ನು, ಕತ್ತರಿ ಎಲ್ಲವನ್ನೂ ಎತ್ತರದಲ್ಲಿಟ್ಟು, ಹೊಲಿಗೆಯ ಮನೆಯಲ್ಲಿ ಮಗುವನ್ನು ಇಷ್ಟು ದಿನ ಕಾಪಾಡಿಕೊಂಡು ಬಂದಿದ್ದೆ. ಈಗ ಇದೊಂದು ಹೊಸದು ಬಂದಿತ್ತು.

ಅದಾದ ಸ್ವಲ್ಪ ದಿನಕ್ಕೆ ನೀಲಿ ಔಷಧಿಯ ಸರದಿ. ಮೀನಿಗೆ ರೋಗ ಬಂದರೆ ಹನಿ ಹನಿ ಹಾಕುವ ಔಷಧಿ ಅದು, ಕಪಾಟಿನಲ್ಲಿತ್ತು. ನಾನು ಗಿರಾಕಿಯೊಬ್ಬಳ ಅಳತೆ ತೆಗೆದುಕೊಳ್ಳುತ್ತಿದ್ದಾಗ ಮಗಳು ಎದುರಿಗೆ ಬಂದು ನಿಂತಳು. ಕೈ ನೀಲಿ, ತುಟಿ ನೀಲಿ. ಅಳತೆಯ ಟೇಪನ್ನು ಕೊರಳಲ್ಲೇ ಹಾಕಿಕೊಂಡು, ಶೀಶೆಯನ್ನೂ ಹಿಡಿದುಕೊಂಡು, ಅವಳನ್ನೆತ್ತಿ ರಿಕ್ಷಾದಲ್ಲಿ ಡಾಕ್ಟರ ಹತ್ತಿರ ಓಡಿದೆ. ಅವರು ಬಾಯಿ ಬಿಡಿಸಿ ನೋಡಿ, ಶೀಶೆಯ ಚೀಟಿ ಓದಿ, ಒಳಗೆ ಹೋದಂತಿಲ್ಲ, ತುಟಿಗೆ ಹತ್ತಿದೆ ಅಷ್ಟೆ, ಆದರೂ ಸಂಜೆಯ ತನಕ ಕಣ್ಣಿಟ್ಟಿರಿ ಎಂದರು. ಸಂಜೆಯ ತನಕ ಕಣ್ಣಿಟ್ಟೆ. ಅಂದು ಬೇರೆ ಯಾವ ಕೆಲಸವೂ ಆಗಲಿಲ್ಲ.

ಮರುದಿನ ಕಪಾಟಿನಲ್ಲಿದ್ದದ್ದನ್ನೆಲ್ಲ ತೆಗೆದೆ. ಔಷಧಿ, ಡಬ್ಬಿ, ಗೋಲಿ, ಜಲ್ಲಿಯ ಚೀಲಗಳು, ಎಲ್ಲವನ್ನೂ ಅಡುಗೆಮನೆಯ ಅಟ್ಟಕ್ಕೆ ಏರಿಸಿದೆ. ಜಲ್ಲಿಯ ಚೀಲ ಹೊತ್ತು ಸ್ಟೂಲು ಹತ್ತುವಾಗ ಸೊಂಟ ಹಿಡಿಯಿತು. ಆದರೂ ಒಂದು ಕೆಲಸ ಮುಗಿಯಿತಲ್ಲ ಅನ್ನಿಸಿತು. ಆ ಚೀಲಗಳ ಭಾರವೇ ಇಷ್ಟು ದಿನ ಸ್ಟ್ಯಾಂಡನ್ನು ಅಲುಗದಂತೆ ಹಿಡಿದಿತ್ತು ಎಂಬುದು ನನಗಾಗಲಿ ಮನೆಯವರಿಗಾಗಲಿ ಹೊಳೆಯಲಿಲ್ಲ. ಈಗ ಮೇಲೆ ನೀರು ತುಂಬಿದ ಗಾಜು, ಕೆಳಗೆ ಬರೀ ಟೊಳ್ಳು.

ಖಾಲಿ ಕಪಾಟು ಬೆಕ್ಕಿಗೆ ಹಿಡಿಸಿತು. ಬಾಗಿಲನ್ನು ಪಂಜದಿಂದ ಎಳೆದು ಒಳಗೆ ಹೋಗಿ ಮಲಗತೊಡಗಿತು. ನಾನು ಬಾಗಿಲಿಗೆ ಲಾಡಿ ಕಟ್ಟುತ್ತಿದ್ದೆ. ಬೆಕ್ಕು ಕೂಗುತ್ತದೆ ಎಂದು ಅತ್ತೆ ಬಿಚ್ಚುತ್ತಿದ್ದರು.

ಅಂದು ಮಧ್ಯಾಹ್ನ ಅತ್ತೆ ಮಂಚದ ಮೇಲೆ ಅಡ್ಡಾಗಿದ್ದರು. ನಾನು ಮಷೀನಿನ ಮುಂದೆ. ಮಗಳು ಕಪಾಟಿನ ಬಾಗಿಲು ತೆರೆದು ಬೆಕ್ಕನ್ನು ಹೊರಗೆ ಕರೆಯುತ್ತಿದ್ದಳು. ಅದು ಬರಲಿಲ್ಲ. ಮಷೀನಿನ ಸದ್ದಿನ ನಡುವೆ ಕಬ್ಬಿಣ ಕಿರ್ ಅಂದಂತಾಗಿ ತಿರುಗಿ ನೋಡಿದೆ. ಅವಳು ಕಪಾಟಿನ ಅಂಚಿನ ಮೇಲೆ ಒಂದು ಕಾಲಿಟ್ಟು, ಬಾಗಿಲನ್ನು ಎರಡೂ ಕೈಯಿಂದ ಹಿಡಿದು ಜೋತುಬಿದ್ದಿದ್ದಳು. ಸ್ಟ್ಯಾಂಡಿನ ಹಿಂದಿನ ಕಾಲುಗಳು ನೆಲ ಬಿಟ್ಟಿದ್ದವು.

ನಾನು ಹೇಗೆ ಅಲ್ಲಿಗೆ ತಲುಪಿದೆ ಗೊತ್ತಿಲ್ಲ. ಹೆಗಲು ಕೊಟ್ಟಿದ್ದೆ, ಅಷ್ಟು ನೆನಪಿದೆ. ಗಾಜಿನ ಭಾರವೆಲ್ಲ ಎಡಭುಜದ ಮೇಲೆ ಕೂತಿತ್ತು. ಮುಚ್ಚಳ ಜಾರಿ ಬಿತ್ತು, ನೀರು ನನ್ನ ಕೊರಳಿನಿಂದ ಬೆನ್ನಿಗೆ ಇಳಿಯಿತು. ಮಗಳು ನನ್ನ ಕಾಲುಗಳ ನಡುವೆ ಕುಕ್ಕರಿಸಿದ್ದಳು. ನೂಕಿ ನೆಟ್ಟಗೆ ಮಾಡುವ ಶಕ್ತಿ ನನಗಿರಲಿಲ್ಲ. ಬಿಟ್ಟರೆ ಅವಳ ಮೇಲೆ.

"ನನ್ನ ಕಾಲಾಗಿಂದ ಹಿಂದಕ್ಕ ಬಾ. ಅಜ್ಜಿ ಮಂಚ ಹತ್ತು," ಎಂದೆ.

ಅವಳು ನುಸುಳಿ ಹೊರಗೆ ಬಂದಳು. ನಾನು ಕನ್ನಡದಲ್ಲಿ ಏನು ಹೇಳಿದರೂ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. "ಮಾಂಜರ್ ಭಿಜಲಂ," ಎಂದು ಅಳತೊಡಗಿದಳು. ಬೆಕ್ಕು ತೋಯ್ದುಹೋಯಿತು ಎಂದು ಅವಳ ಅಳು. ಬೆಕ್ಕು ಆಗಲೇ ಅಡುಗೆಮನೆ ಸೇರಿತ್ತು.

ಅತ್ತೆ ಎದ್ದು ಕೂತರು. "ಏನಾತ?"

"ಅತ್ತಿ, ಹುಡುಗಿನ್ನ ಕೆಳಗ ಇಳಿಸಬ್ಯಾಡ್ರಿ. ನೀವು ಚಪ್ಪಲ್ ಹಾಕ್ಕೊಂಡ್ ಮೇನ್ ಬಂದ್ ಮಾಡ್ರಿ. ನೀರ್ ತುಳೀಬ್ಯಾಡ್ರಿ."

ನೆಲದ ಮೇಲಿನ ನೀರು ಎಕ್ಸ್‌ಟೆನ್ಷನ್ ಬೋರ್ಡಿನ ಕಡೆ ಹೋಗುತ್ತಿತ್ತು. ನನ್ನ ಕಾಲಲ್ಲಿ ಏನೂ ಇರಲಿಲ್ಲ. ಬೋರ್ಡು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಅತ್ತೆ ರಬ್ಬರ್ ಚಪ್ಪಲಿ ಹುಡುಕಿ, ಗೋಡೆ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ಬಾಗಿಲ ಹತ್ತಿರ ಹೋದರು. ಮೇನ್ ಸ್ವಿಚ್ಚು ಟಕ್ಕೆಂದಿತು. ಫ್ಯಾನು ನಿಧಾನವಾಗಲಿಲ್ಲ. ಜಾರಿ ಬಿದ್ದ ಮುಚ್ಚಳದೊಳಗಿನ ಲೈಟು ಆರಲಿಲ್ಲ. ಇನ್ವರ್ಟರು ತನ್ನ ಕೆಲಸ ಮಾಡುತ್ತಿತ್ತು.

"ಅತ್ತಿ, ಇನ್ವರ್ಟರೂ ಬಂದ್ ಮಾಡ್ಬೇಕ್ರಿ. ಅಡಗಿ ಮನಿ ಬಾಗಲ ಹಿಂದ ಐತಿ."

"ಯಾವ ಬಟನ್ ಅದು?"

"ಕೆಂಪ್ ದೀಪದ ಬಾಜೂಕ. ಒತ್ತಿ ಹಿಡೀರಿ."

ಅವರು ಹೋಗುವಷ್ಟರಲ್ಲಿ ಒಂದು ಏಂಜಲ್ ಮೀನು ನೀರಿನ ಜೊತೆ ಹೊರಗೆ ಬಂದು ನನ್ನ ಪಾದದ ಹತ್ತಿರ ಬಿತ್ತು. ಒದ್ದಾಡಿತು. ನಾನು ಬಗ್ಗುವ ಹಾಗಿರಲಿಲ್ಲ. ಅದು ಸುಮ್ಮನಾಗುವ ತನಕ ನೋಡುತ್ತಾ ನಿಂತೆ. ಆಗ ಲೈಟು ಆರಿತು, ಫ್ಯಾನು ನಿಂತಿತು.

ಅತ್ತೆ ಈ ಊರಿಗೆ ಬಂದು ವರ್ಷಗಳಾದರೂ ಮರಾಠಿ ಕಲಿತಿಲ್ಲ. ಬಾಗಿಲು ತೆರೆದು ಎದುರುಮನೆಯವರನ್ನು ಕನ್ನಡದಲ್ಲೇ ಕರೆದರು. "ಬರ್ರಿ, ನಮ್ಮ ಸೊಸಿನ್ನ ಹಿಡೀರಿ." ಆ ಮನೆಯ ಹೆಂಗಸು ರೊಟ್ಟಿ ಬಡಿಯುತ್ತಿದ್ದವರು ಹಿಟ್ಟಿನ ಕೈಯಲ್ಲೇ ಗಂಡನನ್ನೂ ಕರೆದುಕೊಂಡು ಬಂದರು. ಮೂವರೂ ಸೇರಿ ಸ್ಟ್ಯಾಂಡನ್ನು ಹಿಂದಕ್ಕೆ ನೂಕಿ ನೆಟ್ಟಗೆ ನಿಲ್ಲಿಸಿದೆವು. ಎಡಗೈ ಆಮೇಲೆ ಬಹಳ ಹೊತ್ತು ನನ್ನದಲ್ಲದ ಹಾಗೆ ತೂಗುತ್ತಿತ್ತು.

ಟ್ಯಾಂಕಿನ ಮೂಲೆಯ ಅಂಟು ಬಿಟ್ಟುಕೊಂಡಿತ್ತು, ಸಣ್ಣಗೆ ಸೋರುತ್ತಿತ್ತು. ಉಳಿದ ಮೀನುಗಳನ್ನು ಪ್ಲಾಸ್ಟಿಕ್ ಟಬ್ಬಿಗೆ ಹಾಕಿ ಬಚ್ಚಲಮನೆಯ ನೆಲದ ಮೇಲಿಟ್ಟೆ. ಎದ್ದು ತಿರುಗುವಷ್ಟರಲ್ಲಿ ಮಗಳು ಟಬ್ಬಿನ ಅಂಚು ಹಿಡಿದು ತಲೆ ಒಳಗೆ ಬಗ್ಗಿಸಿದ್ದಳು. ಅವಳ ವಯಸ್ಸಿನ ಮಗು ಮುಳುಗಲು ಗೇಣು ನೀರು ಸಾಕು. ಟಬ್ಬನ್ನು ಎತ್ತಿ ಅಡುಗೆಕಟ್ಟೆಯ ಮೇಲೆ, ಒಲೆಯಿಂದ ಆಚೆಗೆ ಗೋಡೆಗೆ ಒತ್ತಿ ಇಟ್ಟೆ. ಮೇಲೆ ರೊಟ್ಟಿ ಆರಿಸುವ ಜಾಳಿಗೆ, ಅದು ಸರಿಯದಂತೆ ಅಂಚಿಗೆ ಲಟ್ಟಣಿಗೆ. ಬಚ್ಚಲಿಗೆ ಹೊರಗಿನಿಂದ ಚಿಲಕ ಹಾಕಿದೆ. ಬೋರ್ಡನ್ನು ಗೋಡೆಯ ಪ್ಲಗ್ಗಿನಿಂದ ಕಿತ್ತೆ. ನೆಲ ಒರೆಸಿದೆ, ಎರಡು ಸಲ. ಗಿರಾಕಿಯ ಬ್ಲೌಸು ಮಷೀನಿನಲ್ಲಿ ಅರ್ಧಕ್ಕೆ ಸಿಕ್ಕಿಕೊಂಡೇ ಇತ್ತು.

ಸಂಜೆ ಮನೆಯವರು ಬಂದು ಎಲ್ಲವನ್ನೂ ಕೇಳಿದರು. ಏನೂ ಬಯ್ಯಲಿಲ್ಲ. ಡ್ರಿಲ್ ಮಷೀನು ಕೆಳಗಿನ ಮನೆಯಿಂದ ತಂದು, ಸಿನ್ನರಿನ ಧೂಳು ಮೈಮೇಲೆ ಹಾಗೇ ಇದ್ದಂತೆ, ಬೋರ್ಡನ್ನು ಗೋಡೆಗೆ ಎತ್ತರದಲ್ಲಿ ಕೂರಿಸಿದರು. ಈಗ ಅದರಲ್ಲಿ ಹಚ್ಚಲು ಏನೂ ಇರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ನಾನು ಸುಮ್ಮನೆ ಮೊಳೆ ಹಿಡಿದುಕೊಂಡು ನಿಂತೆ.

ಅಕ್ಕನ ಫೋನು ಎಂದಿನ ಹೊತ್ತಿಗೆ ಬಂತು. ನೀರಿನ ಬಣ್ಣ ಹೇಗಿದೆ ಎಂದು ಕೇಳಿದಳು.

"ಅಕ್ಕಾ, ಟ್ಯಾಂಕ್ ಬೀಳಾಕ ಬಂದಿತ್ತು," ಎಂದೆ. ನಡೆದದ್ದನ್ನು ಹೇಳಿದೆ. ಒಂದು ಏಂಜಲ್ ಸತ್ತಿತು ಎಂಬುದನ್ನೂ ಹೇಳಿದೆ. ಕೊನೆಗೆ, "ನನಗ ಸಾಕಾಗೇತಿ ಅಕ್ಕಾ. ನನ್ನ ಕೈಲೆ ಆಗೂದಿಲ್ಲ," ಎಂದೆ.



"ಹುಡುಗಿಗಿ ಏನೂ ಆಗಿಲ್ಲಲ್ಲ?"

"ಇಲ್ಲ."

"ನಿನಗ?"

ಅಂದು ಆ ಪ್ರಶ್ನೆಯನ್ನು ನನಗೆ ಬೇರೆ ಯಾರೂ ಕೇಳಿರಲಿಲ್ಲ. ಭುಜ ನೋಯಾಕತ್ತೈತಿ ಅಂದೆ. ಹೇಳುತ್ತಲೇ ಅಳು ಬಂತು. ಅಕ್ಕನೂ ಅತ್ತಳು ಎಂದು ಕಾಣುತ್ತದೆ, ಮೂಗು ಸೀನಿದ ಸದ್ದಾಯಿತು.

"ನಿಮ್ಮ ಮಾಮಾ ವಾರದಾಗ ನಾಕ್ ದಿನ ಗಾಡಿ ಮ್ಯಾಲ," ಎಂದಳು. "ಮನ್ಯಾಗ ಏನರೆ ಅಲಗಾಡಬೇಕಲ್ಲ, ಅದಕ್ಕ ಇಟ್ಟಿದ್ದೆ. ನೀ ಹಿಂಗ ಸಾಯಾಕತ್ತಿ ಅಂತ ಹೇಳಬಾರದೇನ ಮೊದಲ?"

ಹೇಳಬೇಕಿತ್ತೇನೋ. ಅವಳಿಗೆ ಮಕ್ಕಳಿಲ್ಲ. ಆ ವಿಷಯ ನಾವು ಮಾತಾಡುವುದಿಲ್ಲ. ಮೀನು ಬೇಡ ಅನ್ನುವುದು ಅದನ್ನೇ ಎತ್ತಿದ ಹಾಗಾಗುತ್ತದೆ ಎಂದು ನನಗೆ ಅನ್ನಿಸುತ್ತಿತ್ತು.

ಮುಂದಿನ ವಾರ ಮಾಮಾ ಬಂದು ಬೆಕ್ಕನ್ನೂ ಮೀನುಗಳನ್ನೂ, ಅಂಟು ಹಾಕಿಸಲೆಂದು ಟ್ಯಾಂಕನ್ನೂ ಒಯ್ದರು. ಸ್ಟ್ಯಾಂಡನ್ನು ಗುಜರಿಗೆ ಹಾಕಿದೆವು. ಅಕ್ಕನ ಮನೆಯ ಹಾಲಿನಲ್ಲಿ ಮಾಮಾ ಆಗಲೇ ಗೌಂಡಿಯಿಂದ ಎರಡು ಗೋಡೆ ಕೂಡುವ ಮೂಲೆಯಲ್ಲಿ ಮೊಣಕಾಲೆತ್ತರದ ಇಟ್ಟಿಗೆ ಕಟ್ಟೆ ಕಟ್ಟಿಸಿ, ಮೇಲೆ ಕಡಪಾ ಕಲ್ಲು ಹಾಕಿಸಿದ್ದರು. ಕುರ್ಚಿಯ ಮೇಲೆ ಕೂತೇ ಅಕ್ಕನ ಕೈ ಟ್ಯಾಂಕಿನೊಳಗೆ ಹೋಗುತ್ತದೆ. ಹಳೆಯ ನೀರು ಉದ್ದನೆಯ ಪೈಪಿನಲ್ಲಿ ಸೀದಾ ಬಚ್ಚಲಿಗೆ. ಬಕೆಟ್ಟೇ ಇಲ್ಲ. ಬೋರ್ಡು ಗೋಡೆಯ ಮೇಲೆ ಎತ್ತರದಲ್ಲಿ, ಅದಕ್ಕೊಂದು ಮುಚ್ಚಳ. ಇದನ್ನೆಲ್ಲ ಅವರು ಫೋಟೊ ತೆಗೆದು ಕಳಿಸಿದರು. ನಾನು ನೋಡಿ ಫೋನು ಪಕ್ಕಕ್ಕಿಟ್ಟೆ. ನನ್ನ ಭುಜ ಇನ್ನೂ ಸರಿಹೋಗಿರಲಿಲ್ಲ, ಸೀರೆಗಳು ರಾಶಿಬಿದ್ದಿದ್ದವು.

ಮಗಳು ಕೆಲವು ದಿನ ಖಾಲಿ ಮೂಲೆಯ ಮುಂದೆ ಕೂತು ಅತ್ತಳು. ಅತ್ತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅವು ದೊಡ್ಡವ್ವನ ಮನಿಗೆ ಹೋಗ್ಯಾವ, ಸೂಟಿ ಬಿಟ್ಟಾಗ ಹೋಗೂನು," ಎನ್ನುತ್ತಿದ್ದರು. ಆ ಮೂಲೆಗೆ ತಮ್ಮ ಮಂಚವನ್ನು ಸರಿಸಿಕೊಳ್ಳಿ ಎಂದರೆ, "ಇರಲಿ ಬಿಡು, ಗಾಳಿ ಆಡ್ತೈತಿ," ಎಂದರು.

ದೀಪಾವಳಿಯ ಸೂಟಿಯಲ್ಲಿ ಮಗಳನ್ನು ಕರೆದುಕೊಂಡು ಹೋದೆ. ಅಕ್ಕ ಒಂದು ಕೋಲು ಹಿಡಿದು ಬಾಗಿಲಿಗೆ ಬಂದಳು. ತೆಳ್ಳಗಾಗಿದ್ದಳು, ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಳು. ಒಳಗೆ ಬಂದ ಮಗಳು ಟ್ಯಾಂಕಿನತ್ತ ಓಡಿದಾಗ ನಾನು ಅಭ್ಯಾಸಬಲದಿಂದ ಹಿಂದೆಯೇ ಓಡಿದೆ. ಕಟ್ಟೆಯನ್ನು ಕೈಯಿಂದ ನೂಕಿ ನೋಡಿದೆ. ಅಲುಗಲಿಲ್ಲ. ಮುಚ್ಚಳ ಎಳೆದೆ. ಬರಲಿಲ್ಲ. ತಿನಿಸು, ಔಷಧಿ ಎಲ್ಲಿವೆ ಎಂದು ಕೇಳಿದೆ.

"ಬೀರುದಾಗ, ಕೀಲಿ ಹಾಕೇನಿ. ಕೀಲಿ ನನ್ನ ಸೊಂಟದಾಗ ಐತಿ," ಎಂದಳು ಅಕ್ಕ. ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. "ನಿನ್ನ ಮಾರಿ ನೋಡ್ಕೊಂಡೀಯೇನು? ಹೋಗಿ ಮಕ್ಕೋ. ನಾ ಇಲ್ಲೇ ಕುಂತಿರ್ತೀನಿ, ಏಳೂದಿಲ್ಲ."

"ಬೆಕ್ಕ ಎಲ್ಲೈತಿ?"

"ಗಚ್ಚಿ ಮ್ಯಾಲ ಐತಿ. ಬಾಗಲಾ ಹಾಕೇನಿ. ಹೋಗು."

ಒಳಕೋಣೆಯಲ್ಲಿ ಮಲಗಿದೆ. ಬಾಗಿಲು ಅರ್ಧ ತೆರೆದಿತ್ತು. ಅಕ್ಕ ಕುರ್ಚಿಯ ಮೇಲೆ, ಮಗಳು ಅವಳ ಮುರಿಯದ ತೊಡೆಗೆ ಒರಗಿ ನಿಂತಿದ್ದಳು. ಗಾಜಿಗೆ ಬಡಿಯಬಾರದು, ಅವಕ್ಕೆ ಅಂಜಿಕೆಯಾಗುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ಮಗಳು ಯಾಕೆ ಎಂದು ಮರಾಠಿಯಲ್ಲಿ ಕೇಳುತ್ತಿದ್ದಳು. ಅದಕ್ಕೆ ಅಕ್ಕ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಎಚ್ಚರವಾದಾಗ ಹೊರಗೆ ಹಣತೆ ಹಚ್ಚುವ ಹೊತ್ತಾಗಿತ್ತು. ನನ್ನನ್ನು ಯಾರೂ ಎಬ್ಬಿಸಿರಲಿಲ್ಲ.